ಮಡಿಲು ಸಾಲದ ಜಾಗ: ಮಕ್ಕಳ ಕಾರ್ ಸೀಟಿನ ಕಥೆ

ಈ ವಾರದ ಇತಿಹಾಸದಲ್ಲಿ ರಾಜ ಇಲ್ಲ, ಯುದ್ಧ ಇಲ್ಲ. ಒಂದು ಪ್ಲಾಸ್ಟಿಕ್ ಸೀಟು ಇದೆ. ಕಾರಿನ ಹಿಂದಿನ ಸೀಟಿನ ಮೇಲೆ ಕೂರಿಸಿ, ಅದರೊಳಗೆ ಮಗುವನ್ನು ಕೂರಿಸಿ ಪಟ್ಟಿ ಹಾಕ್ತಾರಲ್ಲ, ಅದು. ಇಷ್ಟು ಸಣ್ಣ ವಸ್ತುವಿಗೆ ಏನು ಇತಿಹಾಸ ಅಂತ ನನಗೂ ಅನ್ನಿಸಿತ್ತು. ಓದ್ತಾ ಹೋದಂಗೆ ಗೊತ್ತಾಗಿದ್ದು, ಇದು ಸೀಟಿನ ಕಥೆ ಅನ್ನೋದಕ್ಕಿಂತ ತಾಯಿಯ ಮಡಿಲಿನ ಜೊತೆ ವಿಜ್ಞಾನ ಮಾಡಿದ ಒಂದು ದೊಡ್ಡ ಜಗಳದ ಕಥೆ.

ಶುರುವಿನಿಂದ ಬರೋಣ. ಮಕ್ಕಳಿಗೆ ಅಂತಲೇ ಕಾರ್ ಸೀಟು ಮಾಡಿ ಮಾರಿದವರಲ್ಲಿ ಮೊದಲಿಗರು ಅಮೆರಿಕದ ಬನ್ನಿ ಬೇರ್ ಕಂಪನಿಯವರು, 1933ರಲ್ಲಿ. ಸುರಕ್ಷತೆಗೆ ಅಂತ ಅಂದುಕೊಂಡ್ರೆ ತಪ್ಪು. ಆ ಸೀಟಿನ ಕೆಲಸ ಎರಡೇ: ಮಗು ಕಾರಿನೊಳಗೆ ಅತ್ತಿತ್ತ ಹರಿದಾಡದ ಹಾಗೆ ಒಂದು ಕಡೆ ಕೂರಿಸೋದು, ಜೊತೆಗೆ ಡ್ರೈವ್ ಮಾಡ್ತಿರೋ ಅಪ್ಪನಿಗೆ ಮಗುವಿನ ಮುಖ ಕಾಣೋ ಹಾಗೆ ಎತ್ತರಿಸೋದು. 1940, 50ರ ದಶಕದಲ್ಲಿ ಬಂದ ಸೀಟುಗಳಂತೂ ಇನ್ನೂ ಮಜಾ. ಒಂದು ಕಬ್ಬಿಣದ ಚೌಕಟ್ಟು, ಅದಕ್ಕೆ ಹೊಲಿದ ಬಟ್ಟೆ. ಚೌಕಟ್ಟಿನ ಎರಡು ಕೊಕ್ಕೆಯನ್ನು ಮುಂದಿನ ಸೀಟಿನ ಬೆನ್ನಿಗೆ ಸಿಕ್ಕಿಸಿಬಿಟ್ರೆ ಆಯ್ತು. ಕೆಲವಕ್ಕೆ ಮಗು ಆಡೋಕೆ ಅಂತ ಪುಟ್ಟ ಸ್ಟೀರಿಂಗ್ ಬೇರೆ. ಬ್ರೇಕ್ ಜೋರಾಗಿ ಒತ್ತಿದರೆ ಆ ಕೊಕ್ಕೆ ಕಳಚಿ, ಸೀಟು ಮಗು ಸ್ಟೀರಿಂಗ್ ಮೂರೂ ಒಟ್ಟಿಗೆ ಮುಂದಕ್ಕೆ ಹಾರ್ತಿದ್ವು.

ಆ ಕಾಲದ ತಂದೆತಾಯಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವಾ? ಖಂಡಿತ ಇತ್ತು. ಆಗ ಕಾರಲ್ಲಿ ದೊಡ್ಡವರಿಗೇ ಬೆಲ್ಟ್ ಇರ್ತಿರಲಿಲ್ಲ. ಅಪಘಾತ ಅಂದರೆ ಹಣೆಬರಹ. ನಾವು ಈಗ ಹಾಕ್ಕೊಳ್ಳೋ, ಭುಜದ ಮೇಲಿಂದ ಸೊಂಟಕ್ಕೆ ಬರೋ ಮೂರು ಬಿಂದುವಿನ ಬೆಲ್ಟ್ ಬಂದಿದ್ದು 1959ರಲ್ಲಿ. ಮಾಡಿದವರು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್. ಅದಕ್ಕೂ ಮೊದಲು ಅವರು ವಿಮಾನದಿಂದ ಪೈಲಟ್‌ನನ್ನು ಸೀಟು ಸಮೇತ ಹೊರಗೆ ಚಿಮ್ಮಿಸೋ ವ್ಯವಸ್ಥೆಯ ಮೇಲೆ ಕೆಲಸ ಮಾಡ್ತಿದ್ದವರು. ವೋಲ್ವೋ ಆ ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸೋಕೆ ಬಿಟ್ಟುಕೊಟ್ಟಿತು. ಬಿಕಾಂ ಓದಿರೋ ನನ್ನಂಥವನಿಗೆ ಇದು ಇವತ್ತಿಗೂ ಅರಗದ ವಿಷಯ, ಆದರೆ ನಿಜ.

ಒಂದೇ ತೊಂದರೆ. ಆ ಬೆಲ್ಟ್ ಹೊಲಿದಿದ್ದು ದೊಡ್ಡವರ ಮೈಗೆ. ಮಗುವಿಗೆ ಹಾಕಿದರೆ ಭುಜದ ಪಟ್ಟಿ ಕುತ್ತಿಗೆಗೆ ಬರುತ್ತೆ, ಸೊಂಟದ ಪಟ್ಟಿ ಹೊಟ್ಟೆಗೆ ಬರುತ್ತೆ. ದೊಡ್ಡವರಲ್ಲಿ ಹೊಡೆತ ತಡೆಯೋದು ಸೊಂಟದ ಮೂಳೆ ಮತ್ತು ಎದೆಗೂಡು. ಎಳೇ ಮಗುವಿನಲ್ಲಿ ಆ ಮೂಳೆಗಳಿಗೆ ಇನ್ನೂ ಆ ಗಟ್ಟಿತನ ಬಂದಿರಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗ. ಸ್ವೀಡನ್ನಿನಲ್ಲಿ ಬರ್ಟಿಲ್ ಆಲ್ಡ್‌ಮನ್ ಅಂತ ಒಬ್ಬ ವೈದ್ಯರು, ಸಂಚಾರ ಸುರಕ್ಷತೆಯ ಸಂಶೋಧಕರು. ಆಗ ಅಮೆರಿಕ ಜೆಮಿನಿ ನೌಕೆಯ ಕೆಲಸದಲ್ಲಿತ್ತು. ಗಗನಯಾನಿಗಳನ್ನು ಹೇಗೆ ಮಲಗಿಸ್ತಾರೆ ಅನ್ನೋದನ್ನ ಆಲ್ಡ್‌ಮನ್ ಗಮನಿಸಿದರು. ರಾಕೆಟ್ ಮೇಲೇಳುವಾಗಿನ ಭಯಂಕರ ಒತ್ತಡ ಒಂದೇ ಜಾಗಕ್ಕೆ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗಲಿ ಅಂತ ಅವರನ್ನ ಬೆನ್ನ ಮೇಲೆ ಒರಗಿಸಿ ಕೂರಿಸ್ತಾರೆ. ಇದೇ ಉಪಾಯ ಮಗುವಿಗೆ ಯಾಕೆ ಆಗಬಾರದು? ಕಾರು ಮುಂದೆ ಹೋಗಿ ಗುದ್ದುತ್ತೆ ಅಂದ್ರೆ ಒಳಗಿರೋ ಮೈ ಮುಂದಕ್ಕೆ ಎಸೆಯಲ್ಪಡುತ್ತೆ. ಮಗುವನ್ನ ಹಿಂದೆ ಮುಖ ಮಾಡಿ ಕೂರಿಸಿದ್ರೆ, ಎಸೆತ ಪೂರ್ತಿ ಸೀಟಿನ ಬೆನ್ನೊಳಗೆ ಇಳಿಯುತ್ತೆ. ತಲೆ, ಕುತ್ತಿಗೆ, ಬೆನ್ನು ಮೂರೂ ಒಂದೇ ಸಾಲಲ್ಲಿ ಉಳಿಯುತ್ತೆ. 1964ರಲ್ಲಿ ವೋಲ್ವೋದ ಪಿವಿ544 ಕಾರಲ್ಲಿ ಮೊದಲ ಮಾದರಿಯನ್ನು ಪರೀಕ್ಷೆ ಮಾಡಿದರು.

ಕುತ್ತಿಗೆಗೆ ಯಾಕೆ ಇಷ್ಟು ಮಹತ್ವ? ನಿಮ್ಮ ಮನೆಯಲ್ಲಿ ಕೂಸು ಇದ್ರೆ ಒಂದ್ಸಲ ನೋಡಿ. ಮೈ ಉದ್ದದ ನಾಲ್ಕನೇ ಒಂದು ಭಾಗ ತಲೆಯೇ ಇರುತ್ತೆ. ನಿಮಗೆ ಅದೇ ಅಳತೆಯ ತಲೆ ಇದ್ದಿದ್ರೆ ನೀವು ಕುಂಬಳಕಾಯಿ ಹೊತ್ಕೊಂಡು ಓಡಾಡ್ತಿರೋ ಹಾಗೆ ಕಾಣ್ತಿದ್ರಿ. ಆ ಭಾರದ ತಲೆಯನ್ನ ಹಿಡಿದಿರೋ ಕುತ್ತಿಗೆಯ ಮೂಳೆ ಹುಟ್ಟುವಾಗ ಇನ್ನೂ ಒಂದಾಗಿರೋದೇ ಇಲ್ಲ. ಒಂದೊಂದು ಮಣಿಯೂ ತುಂಡು ತುಂಡಾಗಿ, ನಡುವೆ ಮೆತ್ತನೆ ಮೃದ್ವಸ್ಥಿ. ಅವು ಕೂಡಿ ಗಟ್ಟಿಯಾಗೋದು ಮೂರರಿಂದ ಆರು ವರ್ಷದ ಹೊತ್ತಿಗೆ. ಎಳೇ ಕೂಸನ್ನ ಎತ್ತುವಾಗ "ಕತ್ತು ಹಿಡ್ಕೊಳೋ, ಕತ್ತು ಹಿಡ್ಕೊ" ಅಂತ ಅಜ್ಜಿಯರು ಕೂಗೋದು ಇದಕ್ಕೇ. ಅಜ್ಜಿಗೆ ಗೊತ್ತಿದ್ದ ಆ ವಿಷಯಕ್ಕೆ ಆಲ್ಡ್‌ಮನ್ ಒಂದು ಸೀಟು ಮಾಡಿದರು ಅಷ್ಟೇ. ಸ್ವೀಡನ್ನಿನಲ್ಲಿ ಇವತ್ತಿಗೂ ನಾಲ್ಕು ವರ್ಷದವರೆಗೆ ಮಕ್ಕಳನ್ನ ಹಿಮ್ಮುಖವಾಗಿ ಕೂರಿಸೋ ರೂಢಿ ಇದೆ.

ಅದೇ ಹೊತ್ತಲ್ಲಿ ಬೇರೆಯವರೂ ತಲೆ ಓಡಿಸ್ತಿದ್ರು. 1962ರಲ್ಲಿ ಬ್ರಿಟನ್ನಿನ ಪತ್ರಕರ್ತೆ ಜೀನ್ ಏಮ್ಸ್ ಒಂದು ಹಿಮ್ಮುಖ ಸೀಟು ಮಾಡಿದ್ರು, ಅಮೆರಿಕದ ಡೆನ್ವರ್‌ನಲ್ಲಿ ಲೆನರ್ಡ್ ರಿವ್ಕಿನ್ ಲೋಹದ ಚೌಕಟ್ಟಿನ ಮುಮ್ಮುಖ ಸೀಟು ಮಾಡಿದ್ರು. ದಶಕದ ಕೊನೆಗೆ ಫೋರ್ಡ್, ಜನರಲ್ ಮೋಟರ್ಸ್ ಕೂಡ ಬಂದ್ವು. ಅಂದ್ರೆ ಗಮನಿಸಿ, 1970 ಬರೋ ಹೊತ್ತಿಗೆ ಉತ್ತರ ಸಿಕ್ಕಿಬಿಟ್ಟಿತ್ತು. ಆದರೂ ಅಮೆರಿಕದ ಬಹುತೇಕ ಮಕ್ಕಳು ಕಾರಲ್ಲಿ ಸುಮ್ಮನೆ ನಿಂತ್ಕೊಂಡೋ, ತೊಡೆ ಮೇಲೆ ಕೂತ್ಕೊಂಡೋ ಹೋಗ್ತಿದ್ರು. ಒಳ್ಳೇ ವಸ್ತು ಮಾರುಕಟ್ಟೆಗೆ ಬಂದ್ರೆ ಬೇಡಿಕೆ ತಾನಾಗೇ ಹುಟ್ಟುತ್ತೆ ಅಂತ ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಓದಿದ್ದು ಇಲ್ಲಿ ಕೆಲಸ ಮಾಡಲಿಲ್ಲ.

ಸರ್ಕಾರ 1971ರಲ್ಲಿ ಮಕ್ಕಳ ಸೀಟಿಗೆ ಮೊದಲ ಮಾನದಂಡ ತಂತು. ನಂಬರ್ 213. ಅದರಲ್ಲಿ ಸೀಟನ್ನು ಬೆಲ್ಟಿನಿಂದ ಕಟ್ಟಬೇಕು, ಮಗುವಿಗೆ ಪಟ್ಟಿ ಇರಬೇಕು ಅಂತೆಲ್ಲ ಇತ್ತು. ಸೀಟನ್ನು ನಿಜವಾಗಿ ಗುದ್ದಿಸಿ ನೋಡಬೇಕು ಅನ್ನೋದು ಮಾತ್ರ ಇರಲಿಲ್ಲ! ಮರುವರ್ಷ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ತಾನೇ ಗುದ್ದಿಸಿ ನೋಡಿತು. ಸರ್ಕಾರದ ಪರೀಕ್ಷೆ ಪಾಸಾಗಿದ್ದ ಸೀಟುಗಳಲ್ಲಿ ಬಹುಪಾಲು ತಡೆಯಲಿಲ್ಲ. ಗುದ್ದಿಸಿ ನೋಡೋ ಪರೀಕ್ಷೆ ಕಡ್ಡಾಯ ಆಗಿದ್ದು 1981ರಲ್ಲಿ. ನಡುವೆ ಹತ್ತು ವರ್ಷ.

ಈಗ ಟೆನ್ನೆಸ್ಸಿಗೆ ಹೋಗೋಣ. ಅಮೆರಿಕದ ದಕ್ಷಿಣದ ರಾಜ್ಯ. ಅಲ್ಲಿ ರದರ್‌ಫರ್ಡ್ ಅನ್ನೋ ಕೌಂಟಿ, ನಮ್ಮ ಜಿಲ್ಲೆ ಇದ್ದಂಗೆ ಅನ್ಕೊಳ್ಳಿ. ಅಲ್ಲಿನ ಆರೋಗ್ಯ ಇಲಾಖೆಯಲ್ಲಿ ಮಕ್ಕಳ ವೈದ್ಯರು ರಾಬರ್ಟ್ ಸ್ಯಾಂಡರ್ಸ್. ಪೋಲಿಯೋಗೆ ಲಸಿಕೆ ಬಂದಿತ್ತು, ದಡಾರಕ್ಕೆ ಲಸಿಕೆ ಬಂದಿತ್ತು. ಲಸಿಕೆ ಹಾಕಿಸಿ ಉಳಿಸಿಕೊಂಡ ಮಕ್ಕಳು ಕಾರಲ್ಲಿ ಸಾಯ್ತಿದ್ರು. ಇದನ್ನೂ ಒಂದು ಕಾಯಿಲೆ ಅಂತಲೇ ನೋಡಬೇಕು ಅನ್ನೋದು ಅವರ ವಾದ. ಕಾಯಿಲೆ ಅಂದ ಮೇಲೆ ತಡೆಯೋ ದಾರಿ ಇರಬೇಕು, ತಡೆಯೋ ದಾರಿ ಇದ್ದ ಮೇಲೆ ಅದನ್ನ ಪಾಲಕರ ಇಷ್ಟಕ್ಕೆ ಮಾತ್ರ ಬಿಡೋಕಾಗಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೀಟು ಕಡ್ಡಾಯ ಮಾಡಿ ಅಂತ ಮಸೂದೆ ತರಿಸಿದ್ರು. 1976ರಲ್ಲಿ ಬಿದ್ದುಹೋಯ್ತು. ಸ್ಯಾಂಡರ್ಸ್ ಮತ್ತು ಅವರ ಹೆಂಡತಿ ಪ್ಯಾಟ್ ಬಿಡಲಿಲ್ಲ. ರಾಜ್ಯದ ಮಕ್ಕಳ ವೈದ್ಯರನ್ನೆಲ್ಲ ಕೂಡಿಸಿದ್ರು, ಶಾಸಕರಿಗೆ ಅವರವರ ಊರಿನ ಡಾಕ್ಟರಿಂದಲೇ ಫೋನ್ ಮಾಡಿಸಿದ್ರು. ಇದು ಬಹಳ ಜಾಣತನ. ಪಕ್ಷದವರ ಮಾತು ಶಾಸಕ ಕೇಳದೆ ಇರಬಹುದು, ಮೊಮ್ಮಗನಿಗೆ ಜ್ವರ ಬಂದಾಗ ನೋಡಿದ ಡಾಕ್ಟರ ಮಾತು ಕೇಳ್ತಾನೆ. 1977ರಲ್ಲಿ ಕಾಯ್ದೆ ಪಾಸಾಯ್ತು, 1978ರ ಜನವರಿ 1ರಿಂದ ಜಾರಿ. ಅಮೆರಿಕದಲ್ಲಿ ಇಂಥ ಮೊದಲ ರಾಜ್ಯ ಕಾಯ್ದೆ.

ಪಾಸಾಗುವಾಗ ಶಾಸಕರು ಒಂದು ತಿದ್ದುಪಡಿ ತೂರಿಸಿದ್ರು. ಮಗುವನ್ನ ದೊಡ್ಡವರು ಕೈಯಲ್ಲಿ ಎತ್ತಿಕೊಂಡು ಕೂತಿದ್ರೆ ಸೀಟು ಬೇಡ ಅಂತ. ಕೈಗೂಸಿನ ವಿನಾಯಿತಿ. ಕೇಳೋಕೆ ಎಷ್ಟು ಮಾನವೀಯ ಅಲ್ವಾ? ಹಾಲು ಕುಡಿಸಬೇಕು, ಅಳ್ತಿದ್ರೆ ಸಮಾಧಾನ ಮಾಡಬೇಕು, ತಾಯಿ ಕೈಯಿಂದ ಕೂಸನ್ನ ಕಿತ್ಕೊಳ್ಳೋಕೆ ಸರ್ಕಾರ ಯಾರು? ಆ ತಿದ್ದುಪಡಿಗೆ ಸ್ಯಾಂಡರ್ಸ್ ಇಟ್ಟ ಹೆಸರು, ಮಗುವನ್ನು ಅಪ್ಪಚ್ಚಿ ಮಾಡೋ ತಿದ್ದುಪಡಿ.

ಯಾಕೆ ಅಷ್ಟು ಕಟುವಾದ ಹೆಸರು? ಲೆಕ್ಕ ಮಾಡೋಣ, ಲೆಕ್ಕ ನನ್ನ ವಿಷಯ. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದೆ, ಹೈವೇ ಏನಲ್ಲ, ನಮ್ಮ ಔಟರ್ ರಿಂಗ್ ರೋಡಲ್ಲಿ ರಾತ್ರಿ ಹೊತ್ತು ಹೋಗೋ ವೇಗ. ಗುದ್ದಿತು, ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು. ಕೈಯಲ್ಲಿರೋ ಮಗು 7 ಕೆಜಿ. ಅಷ್ಟು ಹೊತ್ತಲ್ಲಿ ಅದನ್ನ ತಡೆದು ನಿಲ್ಲಿಸೋಕೆ ಬೇಕಾದ ಶಕ್ತಿ ಸರಾಸರಿ ನೂರು ಕೆಜಿ ಭಾರವನ್ನ ಹಿಡಿದಷ್ಟು. ಅಂದ್ರೆ 25 ಕೆಜಿ ಅಕ್ಕಿ ಮೂಟೆ ನಾಲ್ಕು, ಹೇಳದೆ ಕೇಳದೆ ಕೈಗೆ ಬಂದು ಬಿದ್ದಂಗೆ. ಹಿಡೀತೀರಾ? ನಾನಂತೂ ಹಿಡಿಯಲ್ಲ. ಇನ್ನೊಂದು ಥರ ಹೇಳಬೇಕಂದ್ರೆ, ಆ ವೇಗದಲ್ಲಿ ಗುದ್ದೋದು ಸುಮಾರು ಹತ್ತು ಮೀಟರ್ ಎತ್ತರದಿಂದ, ಮೂರು ಅಂತಸ್ತಿನ ಮನೆಯ ತಾರಸಿಯಿಂದ ಬಿದ್ದಂಗೆ. ಇಷ್ಟು ಬೆಲ್ಟ್ ಹಾಕಿರೋ ತಾಯಿಯ ಲೆಕ್ಕ. ತಾಯಿ ಬೆಲ್ಟ್ ಹಾಕಿಲ್ಲ ಅಂದ್ರೆ ಅವಳ ಐವತ್ತು ಅರವತ್ತು ಕೆಜಿ ಮೈ ಹಿಂದಿನಿಂದ ಬಂದು ಮಗುವನ್ನ ಡ್ಯಾಶ್‌ಬೋರ್ಡಿಗೆ ಒತ್ತುತ್ತೆ. ಸ್ಯಾಂಡರ್ಸ್ ಬೇಕಂತಲೇ ಆ ಪದ ಬಳಸಿದ್ದು ಇದಕ್ಕೆ. ಅವಳ ಪ್ರೀತಿಯಲ್ಲಿ ಕಡಿಮೆ ಏನಿಲ್ಲ, ತೋಳಿಗೆ ಆ ಶಕ್ತಿ ಇಲ್ಲ, ಯಾರ ತೋಳಿಗೂ ಇಲ್ಲ.

ಕಾಯ್ದೆ ಬಂದ ಮೇಲೂ ಕೈಯಲ್ಲಿದ್ದ ಮಕ್ಕಳು ಸಾಯ್ತಲೇ ಇದ್ರು. ಸ್ಯಾಂಡರ್ಸ್ ದಂಪತಿ ಮತ್ತೆ ಶಾಸನಸಭೆಯ ಮೆಟ್ಟಿಲು ಹತ್ತಿದ್ರು. 1981ರಲ್ಲಿ ಕೈಗೂಸಿನ ವಿನಾಯಿತಿ ರದ್ದಾಯ್ತು. 1985ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಮಕ್ಕಳ ಸೀಟಿನ ಕಾಯ್ದೆ ಬಂದಿತ್ತು. ಕಾಯ್ದೆ ಒಂದರಿಂದಲೇ ಆಗಿದ್ದಲ್ಲ. ಸೀಟು ಕೊಳ್ಳೋಕಾಗದವರಿಗೆ ಬಾಡಿಗೆಗೆ, ಎರವಲಿಗೆ ಕೊಡೋ ಯೋಜನೆಗಳು ಊರೂರಲ್ಲಿ ಶುರುವಾದ್ವು. ಆಸ್ಪತ್ರೆಯಿಂದ ಮನೆಗೆ ಹೋಗೋ ಮೊದಲ ಪ್ರಯಾಣವೇ ಸೀಟಲ್ಲಿ ಆಗಲಿ ಅಂತ ಮಕ್ಕಳ ವೈದ್ಯರ ಸಂಘ ಅಭಿಯಾನ ಮಾಡಿತು. ಸರಿಯಾಗಿ ಬಳಸಿದ ಸೀಟು ಕಾರು ಅಪಘಾತದಲ್ಲಿ ವರ್ಷದೊಳಗಿನ ಮಗು ಸಾಯೋ ಸಾಧ್ಯತೆಯನ್ನ ಶೇ. 71ರಷ್ಟು, ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ. 54ರಷ್ಟು ಕಡಿಮೆ ಮಾಡುತ್ತೆ ಅನ್ನೋದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಅಂದಾಜು.

ಈ ಟೆನ್ನೆಸ್ಸಿ ಶಾಸಕರ ಮೇಲೆ ನಗಬೇಡಿ. ಅದೇ ಚರ್ಚೆ ನಮ್ಮನೇಲೂ ನಡೀತು, ಕಳೆದ ವರ್ಷ. ಅಕ್ಕನ ಬಾಣಂತನ ದಾವಣಗೆರೆಯಲ್ಲಿ, ನಮ್ಮನೇಲಿ. ಐದು ತಿಂಗಳಾದ ಮೇಲೆ ಮಗುವನ್ನ ಬೆಂಗಳೂರಿಗೆ ಕಳಿಸಬೇಕು. ತೊಟ್ಟಿಲು ತವರಿನದ್ದು ಅಂತ ನಮ್ಮಲ್ಲಿ ರೂಢಿ, ಅದು ಆಗಿತ್ತು. ಸೋದರಮಾವನ ಲೆಕ್ಕದಲ್ಲಿ ನಾನು ಒಂದು ಕಾರ್ ಸೀಟು ತಂದೆ. ಅಜ್ಜಿ ಅದನ್ನ ಸುತ್ತ ತಿರುಗಿ ನೋಡಿ, "ಏನೋ ಇದು, ಕೂಸನ್ನ ಕಟ್ಟಿಹಾಕ್ತೀಯಾ? ನನ್ ತೊಡೆ ಏನಾಗೇತಿ?" ಅಂದ್ರು. ಅವರ ತೊಡೆ ಮೇಲೆ ಬೆಳೆದವನು ನಾನು, ಏನಂತ ಉತ್ತರ ಕೊಡ್ಲಿ? ಅಕ್ಕಿ ಮೂಟೆ ಲೆಕ್ಕ ಹೇಳಿದೆ. "ನಾಲ್ಕು ಮೂಟೆ ಹೊತ್ತೋರ ಮಗಳಪ್ಪಾ ನಾನು" ಅಂದ್ರು. ಕೊನೆಗೆ ಭಾವ ಒಂದು ಒಪ್ಪಂದ ಮಾಡಿದ್ರು: ಅಜ್ಜಿ ಹಿಂದೆ ಸೀಟಿನ ಪಕ್ಕದಲ್ಲೇ ಕೂರೋದು, ಮಗುವಿನ ಕೈ ಹಿಡ್ಕೊಳ್ಳೋದು, ಹಾಲಿಗೆ ಅಳು ಬಂದ್ರೆ ಕಾರು ನಿಲ್ಲಿಸೋದು, ಓಡೋ ಕಾರಲ್ಲಿ ಎತ್ತೋದಿಲ್ಲ. ಹಿರಿಯೂರಲ್ಲಿ ಒಂದ್ಸಲ, ಶಿರಾ ದಾಟಿ ಒಂದ್ಸಲ, ತುಮಕೂರಲ್ಲಿ ಒಂದ್ಸಲ ನಿಲ್ಲಿಸಿದ್ವಿ. ಹೊತ್ತು ಜಾಸ್ತಿ ಹಿಡೀತು. ಹಾಗೆ ನೋಡಿದ್ರೆ ಎಳೇ ಮಗುವನ್ನ ಎರಡು ಗಂಟೆಗಿಂತ ಹೆಚ್ಚು ಒಂದೇ ಸಮ ಸೀಟಲ್ಲಿ ಬಿಡಬಾರದು ಅಂತಲೇ ಡಾಕ್ಟರುಗಳು ಹೇಳೋದು, ತಲೆ ಎದೆ ಮೇಲೆ ಬಾಗಿ ಉಸಿರಿಗೆ ತೊಂದರೆ ಆಗಬಹುದು ಅಂತ.

ಇತಿಹಾಸಕ್ಕೆ ವಾಪಸ್. 1990ರ ದಶಕದಲ್ಲಿ ಒಂದು ದುರಂತ ಆಯ್ತು. ದೊಡ್ಡವರನ್ನ ಉಳಿಸೋ ಏರ್‌ಬ್ಯಾಗ್ ಮುಂದಿನ ಪ್ರಯಾಣಿಕರ ಸೀಟಿಗೂ ಬಂತು. ಅದೇ ಸೀಟಲ್ಲಿ ಹಿಮ್ಮುಖ ಕೂತಿದ್ದ ಕೂಸುಗಳ ತಲೆಯ ಹಿಂದೆ, ಕೆಲವೇ ಇಂಚು ದೂರದಲ್ಲಿ ಅದು ಸಿಡೀತು. ನಿಧಾನವಾಗಿ ಹೋಗ್ತಿದ್ದ ಕಾರುಗಳ ಸಣ್ಣ ಗುದ್ದಿಗೂ ಮಕ್ಕಳು ಸತ್ತರು. ಇವತ್ತು ನಿಮ್ಮ ಕಾರಿನ ಮುಂದಿನ ಸನ್ ವೈಸರ್ ಇಳಿಸಿದ್ರೆ ಮಗುವಿನ ಚಿತ್ರಕ್ಕೆ ಅಡ್ಡಗೀಟು ಹಾಕಿರೋ ಸ್ಟಿಕ್ಕರ್ ಕಾಣುತ್ತಲ್ಲ, ಅದರ ಹಿಂದೆ ಈ ಸಾವುಗಳಿವೆ. ನಾವು ಅದನ್ನ ಕಿತ್ತು ಹಾಕಿ ಅಲ್ಲಿ ಟೋಲ್ ರಸೀದಿ ಸಿಕ್ಕಿಸ್ತೀವಿ.

ಆಮೇಲೆ 1999ರಲ್ಲಿ ಐಸೋಫಿಕ್ಸ್ ಅಂತರರಾಷ್ಟ್ರೀಯ ಮಾನದಂಡ ಆಯ್ತು. ಸೀಟಿನ ಎರಡು ಕೊಂಡಿ ಕಾರಿನ ಕಬ್ಬಿಣದ ಉಂಗುರಕ್ಕೆ ಕ್ಲಿಕ್ ಅಂತ ಸಿಕ್ಕಿಕೊಳ್ಳೋ ವ್ಯವಸ್ಥೆ. ಬೆಲ್ಟಿಂದ ಕಟ್ಟಿದ್ರೆ ಸುರಕ್ಷಿತ ಅಲ್ಲ ಅಂತಲ್ಲ, ಬೆಲ್ಟಿಂದ ಕಟ್ಟುವಾಗ ಜನ ತಪ್ಪು ಮಾಡೋದು ಜಾಸ್ತಿ ಅಷ್ಟೇ. 2013ರಲ್ಲಿ ಆರ್129 ಅನ್ನೋ ಹೊಸ ವಿಶ್ವಸಂಸ್ಥೆ ನಿಯಮ ಬಂತು. ಅದರಲ್ಲಿ ಕನಿಷ್ಠ 15 ತಿಂಗಳವರೆಗೆ ಹಿಮ್ಮುಖವೇ, ಸೀಟನ್ನ ಅಳೆಯೋದು ಮಗುವಿನ ಎತ್ತರದಿಂದ. ಆಲ್ಡ್‌ಮನ್ ಹೇಳಿದ್ದು ಕಾನೂನಾಗೋಕೆ ಸುಮಾರು ಐವತ್ತು ವರ್ಷ.

ನಮ್ಮ ದೇಶ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಾಗ 194ಬಿ ಅಂತ ಒಂದು ಸೆಕ್ಷನ್ ಸೇರಿತು. 14 ವರ್ಷದೊಳಗಿನ ಮಗು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕಾರಲ್ಲಿದ್ರೆ ಓಡಿಸೋರಿಗೆ 1000 ರೂಪಾಯಿ ದಂಡ. ಈಗ ನೀವೇ ಹೇಳಿ, ಹೆಲ್ಮೆಟ್ ಇಲ್ಲ ಅಂತ ಹಿಡಿಸಿಕೊಂಡೋರು ನಿಮ್ಮ ಪರಿಚಯದಲ್ಲಿ ಎಷ್ಟು ಜನ, ಮಕ್ಕಳ ಸೀಟು ಇಲ್ಲ ಅಂತ ಹಿಡಿಸಿಕೊಂಡೋರು ಎಷ್ಟು ಜನ? ಕಾಯ್ದೆ ಇದೆ, ಅದರ ಬೆನ್ನಿಗೆ ನಿಲ್ಲೋ ಸ್ಯಾಂಡರ್ಸ್ ಇಲ್ಲ, ಎರವಲು ಸೀಟಿನ ಯೋಜನೆ ಇಲ್ಲ. ನನ್ನ ಪ್ರಕಾರ ದಂಡಕ್ಕಿಂತ ಮೊದಲು ಬೇಕಾಗಿರೋದು ಎರಡನೆಯದು. ಹೆರಿಗೆ ಆದವರಿಗೆ ಸೊಳ್ಳೆಪರದೆ, ಸೋಪು, ಹೊದಿಕೆ ಎಲ್ಲ ಸೇರಿಸಿ ಮಡಿಲು ಕಿಟ್ ಕೊಟ್ಟ ರಾಜ್ಯ ನಮ್ಮದು. ಆಸ್ಪತ್ರೆಗಳಲ್ಲಿ ಬಾಡಿಗೆ ಸೀಟು ಇಡೋದು ಆಗದ ಕೆಲಸ ಏನಲ್ಲ.

ಒಂದು ಬದಲಾವಣೆ ಆಗಿದೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಜನಪ್ರಿಯ ಸಣ್ಣ ಕಾರುಗಳನ್ನ ಗುದ್ದಿಸಿ ನೋಡಿ ಸೊನ್ನೆ ಸ್ಟಾರ್ ಕೊಟ್ಟಾಗ ದೊಡ್ಡ ಗದ್ದಲ ಆಗಿತ್ತು. 2023ರ ಅಕ್ಟೋಬರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ, ಅದರಲ್ಲಿ ಮಕ್ಕಳ ಸುರಕ್ಷತೆಗೆ ಪ್ರತ್ಯೇಕ ಸ್ಟಾರ್ ಇದೆ. ಜಾಹೀರಾತಲ್ಲಿ ಐದು ಸ್ಟಾರ್ ಅಂತ ನೋಡಿದಾಗ ಯಾವ ಐದು ಅಂತ ಕೇಳಿ. ಮಕ್ಕಳ ಸ್ಟಾರ್ ಸಿಗೋದು ಮಗುವಿನ ಗಾತ್ರದ ಗೊಂಬೆಗಳನ್ನ ಮಕ್ಕಳ ಸೀಟಲ್ಲಿ ಕೂರಿಸಿ ಪರೀಕ್ಷಿಸಿದ ಮೇಲೆ. ಸೀಟಿಲ್ಲದ ಮಗುವಿಗೆ ಆ ಸ್ಟಾರ್ ಅನ್ವಯ ಆಗಲ್ಲ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಾರೇ ಇಲ್ಲ, ಇರೋದು ಸ್ಕೂಟರ್, ಮುಂದೆ ಮಗು ನಿಂತಿರುತ್ತೆ ಅನ್ನೋದು ನನಗೂ ಗೊತ್ತು. ಅದಕ್ಕೂ 2022ರಲ್ಲಿ ಕೇಂದ್ರದ ನಿಯಮ ಬಂತು, ಜಾರಿ 2023ರ ಫೆಬ್ರವರಿಯಿಂದ: ನಾಲ್ಕು ವರ್ಷದೊಳಗಿನವರಿಗೆ ಸವಾರನ ಮೈಗೆ ಕಟ್ಟೋ ಸುರಕ್ಷಾ ಪಟ್ಟಿ, ಒಂಬತ್ತು ತಿಂಗಳು ದಾಟಿದವರಿಗೆ ಅಳತೆಯ ಹೆಲ್ಮೆಟ್, ವೇಗ 40 ಕಿ.ಮೀ. ದಾಟಬಾರದು. ಆ ಕಥೆಗೆ ಬೇರೆಯೇ ಎಪಿಸೋಡ್ ಬೇಕು.

ಇಷ್ಟು ಕೇಳಿ ಸೀಟು ಕೊಳ್ಳೋಕೆ ಹೊರಟವರಿಗೆ ಅಂಗಡಿಯಲ್ಲಿ ಏನು ನೋಡಬೇಕು ಅಂತ ಹೇಳಿ ಮುಗಿಸ್ತೀನಿ. ಮೊದಲು ಸೀಟಿನ ಕೆಳಗೋ ಹಿಂದೆಯೋ ಇರೋ ಲೇಬಲ್. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಆರ್129 ಅಥವಾ ಹಳೆಯ ಆರ್44/04, ಇಲ್ಲವೇ ನಮ್ಮ ಎಐಎಸ್-072. ಇದ್ಯಾವುದೂ ಇಲ್ಲದ್ದು 1933ರ ಸೀಟು ಅಂತಲೇ ತಿಳ್ಕೊಳ್ಳಿ, ಎಷ್ಟೇ ಮೆತ್ತಗಿರಲಿ. ನವಜಾತ ಶಿಶುವಿನ ಬುಟ್ಟಿ ಥರದ ಸೀಟು ಚೆನ್ನ, ಆದರೆ ಬೇಗ ಚಿಕ್ಕದಾಗುತ್ತೆ. ಒಂದೇ ಸಲ ದುಡ್ಡು ಹಾಕೋದಾದ್ರೆ ಮೊದಲು ಹಿಮ್ಮುಖ, ಆಮೇಲೆ ಮುಮ್ಮುಖ ತಿರುಗಿಸಬಹುದಾದ ಸೀಟು ಲೆಕ್ಕಕ್ಕೆ ಕೂಡುತ್ತೆ, ಹುಟ್ಟಿದಾಗಿನಿಂದ ಆಗುತ್ತಾ ಅಂತ ಮಾತ್ರ ಖಾತ್ರಿ ಮಾಡ್ಕೊಳ್ಳಿ. ಮುಂದಕ್ಕೆ ತಿರುಗಿಸೋಕೆ ಹುಟ್ಟುಹಬ್ಬದ ಮುಹೂರ್ತ ಇಲ್ಲ. ಹಿಮ್ಮುಖಕ್ಕೆ ಆ ಸೀಟು ಹೇಳೋ ಎತ್ತರ ಅಥವಾ ತೂಕದ ಮಿತಿ ಮುಟ್ಟೋವರೆಗೂ ಹಿಂದೆಯೇ ಇರಲಿ. "ಕಾಲು ಮಡಚ್ಕೊಂಡಿದೆ ಪಾಪ" ಅಂತಾರೆ. ಮಕ್ಕಳು ಚಕ್ಕಳಮಕ್ಕಳ ಹಾಕಿ ಆರಾಮಾಗೇ ಕೂರ್ತವೆ. ಪಟ್ಟಿ ಎಷ್ಟು ಬಿಗಿ ಅಂದ್ರೆ ಭುಜದ ಹತ್ತಿರ ಎರಡು ಬೆರಳಲ್ಲಿ ಚಿವುಟಿದ್ರೆ ಪಟ್ಟಿ ಮಡಿಕೆ ಸಿಗಬಾರದು. ದಪ್ಪ ಸ್ವೆಟರ್, ಶಾಲು ಪಟ್ಟಿಯ ಒಳಗೆ ಬೇಡ, ಪಟ್ಟಿ ಹಾಕಿದ ಮೇಲೆ ಹೊದಿಸಿ. ಕುಲಾವಿ ಇರಲಿ.

ಹಳೇ ಸೀಟು ಯಾರಾದ್ರೂ ಕೊಟ್ರೆ, ಅದು ಅಪಘಾತ ಕಂಡಿದೆಯಾ ಅಂತ ನಾಚಿಕೆ ಬಿಟ್ಟು ಕೇಳಿ. ಕಂಡಿದ್ರೆ ಬೇಡ. ಪ್ಲಾಸ್ಟಿಕ್ಕಿಗೂ ಆಯುಷ್ಯ ಇದೆ, ಕೊನೇ ದಿನಾಂಕ ಅಚ್ಚು ಹಾಕಿರ್ತಾರೆ, ನೋಡಿ. ಅಕೌಂಟ್ಸ್ ಓದಿದವರಿಗೆ ಸವಕಳಿ ಅಂದ್ರೆ ಏನಂತ ನಾನು ಹೇಳಬೇಕಾಗಿಲ್ಲ. ದುಡ್ಡು ಕೊಡೋ ಮೊದಲು ನಿಮ್ಮ ಕಾರಲ್ಲೇ ಕೂರಿಸಿ ನೋಡೋಕೆ ಬಿಡ್ತಾರಾ ಕೇಳಿ. ಕಟ್ಟಿದ ಮೇಲೆ ಬುಡದಲ್ಲಿ ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಹೆಚ್ಚು ಕದಲಬಾರದು.

ಮುಂದಿನ ವಾರ ಸ್ಕೂಟರ್ ಮತ್ತು ಹೆಲ್ಮೆಟ್ ಕಥೆ. ನಿಮ್ಮನೇಲಿ ಈ ತೊಡೆಯ ಚರ್ಚೆ ಹೇಗೆ ನಡೀತು, ಗೆದ್ದಿದ್ದು ಯಾರು ಅಂತ ವಾಯ್ಸ್ ನೋಟ್ ಕಳಿಸಿ, ಒಂದೆರಡನ್ನ ಶುರುವಿನಲ್ಲೇ ಹಾಕ್ತೀನಿ.